ಬಸ್ ತೊಳೆಯುವ ಜಾಗ

ಡಿಪೋದಲ್ಲಿ ಖಾಸಗಿ ಕಂಪನಿಯ ಕಾಂಟ್ರಾಕ್ಟಿಗೆ ಹೋದದ್ದು ಬಸ್ ಗುಡಿಸಿ ತೊಳೆಯುವ ನನ್ನ ಕೆಲಸ, ಮೆಕ್ಯಾನಿಕ್‌ಗಳದ್ದಲ್ಲ. ಆದರೆ ಮಳೆಗಾಲವೆಲ್ಲ ಹೆದರಿ ಕುಳಿತವರು ಅವರು.

ದೊಡ್ಡ ಸಾಹೇಬರು ಬಂದು ಟೇಪು ಹಿಡಿಸಿ ಜಾಗ ಅಳೆಸಿಕೊಂಡು ಹೋದಾಗಿನಿಂದ ಚಹಾದ ಹೊತ್ತಿಗೆ ಅದೇ ಮಾತು.

"ಶೆಡ್ಡು ಕಂಪನಿಗೆ ಕೊಡ್ತಾರ. ನಮ್ಮನ್ನ ಸವಣೂರಿಗೆ ಒಗೀತಾರ," ಎಂದ ಹಿರಿಯ ಮೆಕ್ಯಾನಿಕ್.

"ನಿನ್ನ ಯಾರ್ ತಗೋತಾರಪಾ ಸವಣೂರಾಗ? ಅಲ್ಲಿ ದುಡೀಬೇಕಾಕ್ಕತಿ," ಎಂದ ಟಾಯರ್ ಬಿಚ್ಚುವವ. ಎಲ್ಲರೂ ನಕ್ಕರು, ಮತ್ತೆ ಅದೇ ಮಾತಿಗೆ ಮರಳಿದರು. ನನಗಂತೂ ಕೇಳಿ ಕೇಳಿ ಸಾಕಾಗಿತ್ತು.

ಆಫೀಸು ಗುಡಿಸುವವಳೂ ನಾನೇ ಆದ್ದರಿಂದ ಒಂದು ದಿನ ನನ್ನನ್ನೇ ಕೇಳಿದರು.

"ಆಯಿ, ಸಾಹೇಬ್ರು ಎಲ್ಲಿ ಅಳದ್ರು, ಖರೇ ಹೇಳು."

"ಬಸ್ ತೊಳಿಯೋ ಜಾಗಾ ಅಳದಾರ. ನಿಮ್ಮ ಶೆಡ್ಡಿನ ಕಡೆ ಹೊಳ್ಳಿ ಸೈತ ನೋಡಿಲ್ಲ. ಸುಮ್ನ ಚಾ ಕುಡೀರಿ," ಎಂದೆ.

ಅಲ್ಲಿ ತೊಳೆಯುವವಳು ನಾನು ಎಂಬುದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ದೀಪಾವಳಿ ಮುಗಿದ ಮೇಲೆ ಅದೇ ಜಾಗಕ್ಕೆ ತೊಳೆಯುವ ಯಂತ್ರ ಬಂತು, ಅದರ ಜೊತೆ ಕಂಪನಿಯ ಇಬ್ಬರು ಆಳುಗಳೂ ಬಂದರು. ನಾಳೆಯಿಂದ ಬರುವುದು ಬೇಡ ಎಂದು ಗುಮಾಸ್ತ ನನಗೆ ಹೇಳಿದ. ಹಿರಿಯ ಮೆಕ್ಯಾನಿಕ್ ನನ್ನ ಮುಖ ನೋಡಲಿಲ್ಲ. ಟಾಯರಿನವ ಮಾತ್ರ, "ಚಾ ಕುಡದ ಹೋಗು ಆಯಿ," ಎಂದ. ಕುಡಿದೆ.

ಮರುದಿನ ಮುಂಜಾನೆ ಎಂದಿನ ಹೊತ್ತಿಗೇ ಎದ್ದು, ಅಕ್ಕಿಆಲೂರಿನ ರೈಸ್ ಮಿಲ್ಲಿನಲ್ಲಿ ಕೆಲಸ ಕೇಳಲು ಬಸ್ ಹತ್ತಿದೆ. ಬಸ್ಸನ್ನು ಹೊರಗೆಲ್ಲ ಫಳಫಳ ಹೊಳೆಯುವಂತೆ ತೊಳೆದಿದ್ದರು. ಒಳಗೆ ಸೀಟಿನ ಕೆಳಗೆ ಶೇಂಗಾ ಸಿಪ್ಪೆ ಹಾಗೇ ಬಿದ್ದಿತ್ತು. ಕಾಲಿನಿಂದ ಬದಿಗೆ ಸರಿಸಿ ಕುಳಿತೆ.