ಕಾಲು ತೊಳೆಯದೆ ಬಂದ ಮೀನು

ಮೀನಿಗೆ ಜ್ವರ ಬಂದರೆ ಎಲ್ಲಿ ಮುಟ್ಟಿ ನೋಡುವುದು ಎಂದು ಯೋಚಿಸುತ್ತ ಒಂದು ಇಡೀ ಬೆಳಗ್ಗೆ ಹಾಳುಮಾಡಿದವನು ನಾನು. ಚಿಂತೆ ನನ್ನ ಕಸುಬು. ದೊಡ್ಡಬಳ್ಳಾಪುರದ ಕಾಲೇಜಿನಲ್ಲಿ ಪಾಠ ಹೇಳುವುದು ಉಪಕಸುಬು.

ನಮ್ಮ ಹಜಾರದ ಗಾಜಿನ ತೊಟ್ಟಿಯಲ್ಲಿ ಮೋಲಿ ಮೀನೊಂದು ಮರಿ ಹಾಕಿತ್ತು. ಸಾಸಿವೆಗೆ ಬಾಲ ಬಂದಂಥ ಇಪ್ಪತ್ತೆರಡು ಮರಿ. ಬಾಣಂತಿಗೆ ಜೊತೆ ಬೇಕೆಂದು ನಾನೇ ಅಂಗಡಿಯಿಂದ ಇನ್ನೊಂದು ಮೀನು ತಂದು, ಚೀಲದ ನೀರಿನ ಸಮೇತ ಸುರಿದೆ. ವಾರದೊಳಗೆ ಎಲ್ಲರ ಮೈಮೇಲೂ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆ. ಮರಿಗಳು ತಳದ ಕಲ್ಲಿಗೆ ಮೈ ಉಜ್ಜಿಕೊಳ್ಳುತ್ತ ಒಂದೊಂದಾಗಿ ಸಾಯತೊಡಗಿದವು.

ಅಂಗಡಿಯವನು ನೀಲಿ ಔಷಧಿ ಕೊಟ್ಟ. "ಎರಡೇ ಹನಿ ಸಾರ್, ಟೆನ್ಶನ್ ತಗೋಬೇಡಿ."

ಟೆನ್ಶನ್ ಬೇಡ ಎನ್ನುವವರನ್ನು ನಾನು ಎಂದೂ ನಂಬಿದವನಲ್ಲ, ಅವತ್ತು ನಂಬಿದೆ. ನಾಲ್ಕು ದಿನಕ್ಕೆ ಚುಕ್ಕೆ ಮಾಯ. ಹೆಂಡತಿ ಸುಜಾತಳ ಮುಂದೆ ದೊಡ್ಡ ವೈದ್ಯನಂತೆ ಬೀಗಿದೆ. ಮತ್ತೆ ಮೂರು ದಿನಕ್ಕೆ ಚುಕ್ಕೆ ಬಂಧುಬಳಗ ಕಟ್ಟಿಕೊಂಡು ಮರಳಿತು. ಚುಕ್ಕೆಯೆಂದರೆ ಒಂದು ಪರೋಪಜೀವಿ; ಅದು ಮೀನಿನ ಮೈಯಿಂದಿಳಿದು, ತಳದಲ್ಲಿ ಕೂತು, ಸಾವಕಾಶವಾಗಿ ಸಂಸಾರ ಬೆಳೆಸಿಕೊಂಡು ಬರುತ್ತದಂತೆ. ಈ ಮಾತನ್ನು ಅಂಗಡಿಯ ಮಹಾಶಯ ಹೇಳಿದ್ದು ಮರಿಗಳು ಏಳಕ್ಕೆ ಇಳಿದ ಮೇಲೆ. ಇಂಥ ತಜ್ಞರಿಗಿಂತ ಆ ಕ್ರಿಮಿಯೇ ಮೇಲು; ಅದಕ್ಕೆ ತನ್ನ ಕೆಲಸವಾದರೂ ಗೊತ್ತಿದೆ.

ಸುಜಾತ ನಮ್ಮ ತಾಲ್ಲೂಕಿನದೇ ಮಧುರೆಯವಳು, ರೇಷ್ಮೆ ಹುಳ ಸಾಕುವ ಮನೆಯ ಮಗಳು. ತೊಟ್ಟಿಯ ಮುಂದೆ ಕೂತು ಕೇಳಿದಳು: "ಈ ಹೊಸ ಮೀನ್ನ ತಂದಾಗ ಸ್ವಲ್ಪ ದಿನ ಬೇರೆ ಇಟ್ಟಿದ್ರಾ?"

"ಮನೆಗ್ ಬಂದೋರು ಕಣೇ, ಬೇರೆ ಇಡೋದು ಹೆಂಗೆ?"

"ನಮ್ಮಮ್ಮ ನಿಮ್ಮನ್ನೇ ಹೊರಗ್ ನಿಲ್ಸಿದ್ಲು."

ನಿಜ. ಮದುವೆಯ ಹೊಸತರಲ್ಲಿ ಹುಳದ ಮನೆಯ ಬಾಗಿಲಲ್ಲೇ ಅತ್ತೆ ನನ್ನನ್ನು ತಡೆದಿದ್ದರು. ಔಷಧಿ ನೀರಿನ ಬಕೆಟ್ಟಿಗೆ ಕಾಲು ಅದ್ದಿ, ಕೈ ತೊಳೆದರೂ ಮರಿಹುಳಗಳ ಹತ್ತಿರ ಬಿಡಲಿಲ್ಲ. ಹೊರಗಿನವರು ರೋಗ ತರುತ್ತಾರಂತೆ. ಅಳಿಯನೆಂದರೆ ರೋಗವೇ ಎಂದು ಇಪ್ಪತ್ತು ವರ್ಷ ಆ ಅವಮಾನವನ್ನು ಸಾಕಿಕೊಂಡು ಬಂದೆ. ನಾನು ಸಾಕಿದ್ದರಲ್ಲಿ ಸೊಂಪಾಗಿ ಬೆಳೆದದ್ದು ಅದೊಂದೇ.

ಆಮೇಲೆ ನಡೆದದ್ದು ಅವಳ ಆಡಳಿತ. ಹುಳಕ್ಕೆ ಹಾಸಿಗೆ ಬದಲಾಯಿಸಿದಂತೆ ದಿನವೂ ತಳದ ಕಸವನ್ನು ಪೈಪಿನಿಂದ ಎಳೆದಳು. ಹಿಂದಿನ ದಿನ ಹಿಡಿದಿಟ್ಟ ನೀರು, ಚಿಟಿಕೆ ಉಪ್ಪು, ಮೆಲ್ಲಗೆ ಏರಿಸಿದ ಬಿಸಿ. ಚುಕ್ಕೆ ಹೋದ ಮೇಲೂ ಎರಡು ವಾರ ಬಿಡಲಿಲ್ಲ. ನನ್ನ ಪಾಲಿಗೆ ಬಂದ ಕೆಲಸವೆಂದರೆ ಭೂತಗನ್ನಡಿ ಹಿಡಿದು ಇಣುಕದೆ ಇರುವುದು. ಐದು ಮರಿ ಉಳಿದವು.

ಮೊನ್ನೆ ಮಧುರೆಗೆ ಹೋದಾಗ, ಯಾರೂ ಹೇಳುವ ಮೊದಲೇ ಚಪ್ಪಲಿ ಬಿಟ್ಟು, ಬಾಗಿಲ ಬಳಿಯಿದ್ದ ಬಕೆಟ್ಟಿಗೆ ಎರಡೂ ಕಾಲು ಇಳಿಬಿಟ್ಟೆ. ಅತ್ತೆ ಹೊರಗೆ ಬಂದು ಬಕೆಟ್ಟಿನೊಳಗೆ ಇಣುಕಿದರು.

"ಗೂಡು ಹೋದ್ವಾರಾನೇ ಮಾರ್ಕೆಟ್‌ಗೆ ಹೋಯ್ತು, ಈಗ ಮನೇಲಿ ಹುಳಾನೇ ಇಲ್ಲ ಕಣಪ್ಪಾ. ಅದು ಎಮ್ಮೆಗಿಟ್ಟಿದ್ ಕಲಗಚ್ಚು."

ನಾನು ಕಾಲು ತಕ್ಷಣ ತೆಗೆಯಲಿಲ್ಲ. ಇಪ್ಪತ್ತು ವರ್ಷದ ಕೊಳೆ ಬಿಡಬೇಕಾದರೆ ಸ್ವಲ್ಪ ಹೊತ್ತು ನೆನೆಯಲೇಬೇಕು.