ರೇಷ್ಮಾ ಕೇಳಿದ ಪ್ರಶ್ನೆ

ಆ ಪ್ರಶ್ನೆ ನನ್ನದಲ್ಲ, ರೇಷ್ಮಾ. ನಿನ್ನದು. ನಾನು ಕದ್ದೆ — ಮೊದಲು ನಿನ್ನ ಬಾಯಿ ಮುಚ್ಚಿಸಿ, ಆಮೇಲೆ ಕದ್ದೆ. ನಾಳೆ ನಮ್ಮ ಕಾಲೇಜಿನಲ್ಲಿ ಹೆಂಗಸರ ದುಡಿಮೆಯ ಹೊಸ ಪಾಠ ಶುರುವಾಗುತ್ತದೆ. ಬೆಳಗಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಆದರೆ ಅದಕ್ಕೆ ಮೊದಲು ಇದನ್ನು ಹೇಳಬೇಕು.

ಆಗ ನೀನು ಬಿ.ಎ. ಮೊದಲ ವರ್ಷ, ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ಬಸ್ಸಿನಲ್ಲಿ ಬರುತ್ತಿದ್ದವಳು. ನಾನು ಅರ್ಥಶಾಸ್ತ್ರದ ಪಾಠ ಓಡಿಸುತ್ತಿದ್ದೆ. ನೀನು ಎದ್ದು ನಿಂತೆ.

"ಮೇಡಂರಿ, ನಮ್ಮ ಅಮ್ಮಿ ಮನ್ಯಾಗ ಕುಂತು ದಿನಾ ಮೆಣಸಿನಕಾಯಿ ತುಂಬು ಬಿಡಸ್ತಾಳ್ರಿ. ಪುಸ್ತಕದಾಗ ಕಾರ್ಮಿಕರು ಅಂತ ಬರದಾರಲ್ರಿ, ಅದರಾಗ ಆಕಿನೂ ಬರ್ತಾಳೇನ್ರಿ?"

ತೊಟ್ಟು ಬಿಡಿಸುವ ಕೈಗೆ ಪುಸ್ತಕದಲ್ಲಿ ಜಾಗವಿದೆಯೋ ಇಲ್ಲವೋ, ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ. "ಪರೀಕ್ಷಾದಾಗ ಬರೂದಷ್ಟ ಕೇಳವಾ. ಮನಿ ಸುದ್ದಿ ಮನ್ಯಾಗಿರ್ಲಿ, ಕುಂದ್ರು" ಎಂದೆ. ಹುಡುಗರು ನಕ್ಕರು. ನಾನೂ — ಹೌದು, ನಾನೂ ನಕ್ಕೆ. ಪದವಿ ಮುಗಿಯುವ ತನಕ ನೀನು ಮತ್ತೆ ಕೈ ಎತ್ತಲಿಲ್ಲ.

ವರ್ಷಗಳ ಮೇಲೆ ಹಾವೇರಿಯಲ್ಲಿ ಪಠ್ಯ ಪರಿಷ್ಕರಣೆಯ ಸಭೆ. ಹೆಂಗಸರನ್ನು ಪಠ್ಯದೊಳಗೆ ತರುವುದು ಹೇಗೆ ಎಂದು ದೊಡ್ಡ ದೊಡ್ಡ ಮಾತು ನಡೆದಿತ್ತು. ನಾನು ಎದ್ದು, ನನಗೊಂದು ಪ್ರಶ್ನೆ ಕಾಡುತ್ತದೆ ಎಂದು, ನಿನ್ನ ಮಾತನ್ನೇ ಹೇಳಿದೆ. ಚಪ್ಪಾಳೆ! ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಹೊಸ ಪಾಠ ಆ ಪ್ರಶ್ನೆಯಿಂದಲೇ ಶುರುವಾಗುತ್ತದೆ, ಅದೂ ನನ್ನ ಹೆಸರಿನಲ್ಲಿ.

ಹೋದ ವಾರ ನೀನು ಇದೇ ಕಾಲೇಜಿಗೆ ಅತಿಥಿ ಉಪನ್ಯಾಸಕಿಯಾಗಿ ಬಂದೆ. ಆ ಪಾಠ ಓದಿ, ನನ್ನೆದುರು ನಿಂತು ಕೇಳಿದೆ: "ಇದು ನಿಮಗ ಹೆಂಗ ಹೊಳೀತ್ರಿ ಮೇಡಂ?"

"ಸುಮ್ನ ಹೊಳೀತವಾ" ಎಂದುಬಿಟ್ಟೆ. ನೀನು ಮರೆತಿದ್ದೆಯೋ, ನನಗೊಂದು ಅವಕಾಶ ಕೊಟ್ಟೆಯೋ —

ಇಷ್ಟು ವರ್ಷ ಪಾಠ ಮಾಡಿದವಳಿಗೆ ಇಂದು ಹೊಸದಾಗಿ ಕೆಲಸಕ್ಕೆ ಸೇರಿದವಳ ಸಂಭ್ರಮ! ಇಸ್ತ್ರಿ ಮಾಡಿದ ಸೀರೆಗೇ ಮತ್ತೆ ಇಸ್ತ್ರಿ ಮಾಡಿದೆ. ನಮ್ಮ ತಾಯಂದಿರ ದುಡಿಮೆ ಕರಿಹಲಗೆಯ ಮೇಲೆ ಬರುತ್ತದೆ ಎಂದರೆ ಕುಣಿಯಬೇಕು ಅನ್ನಿಸುತ್ತದೆ. ಕದ್ದ ಮಾತಿನಿಂದ ಅದನ್ನು ತೆರೆಯಲಾರೆ. ಪ್ರಶ್ನೆ ನಿನ್ನದೆಂದು ಪಠ್ಯ ಸಮಿತಿಗೆ ತಿಳಿಸಿದ್ದೇನೆ. ನಾಳೆ ಮಕ್ಕಳೆದುರೂ ಹೇಳುತ್ತೇನೆ, ನಕ್ಕಿದ್ದನ್ನೂ ಸೇರಿಸಿ. ನೀನೂ ಬಾ — ನನ್ನನ್ನು ಕ್ಷಮಿಸಲಿಕ್ಕಲ್ಲ, ಆ ಪ್ರಶ್ನೆಯನ್ನು ನೀನೇ ಕೇಳಲಿಕ್ಕೆ.

ಈ ಸಲ ಕುಂದ್ರು ಅನ್ನುವುದಿಲ್ಲ. ಬರ್ತಾಳವಾ ರೇಷ್ಮಾ, ನಿಮ್ಮ ಅಮ್ಮಿನೂ ಅದರಾಗ ಬರ್ತಾಳ. ಅಂದೇ ಹೇಳಬೇಕಿತ್ತು.