ಮಹಡಿಯ ಮೇಲಿನ ಡೀಸೆಲ್ ಹಗ್ಗ

ಗುಬ್ಬಿ ಬಸ್ ನಿಲ್ದಾಣದಲ್ಲಿ ತುಮಕೂರಿನ ಬಸ್ಸಿಗೆ ಕಾಯುತ್ತ ಕೂತಿದ್ದೇನೆ. ಪಕ್ಕದಲ್ಲಿ ಕೂತ ಹೆಂಗಸು ಚೇಳೂರಿನ ತವರಿನಿಂದ ಕಾರವಾರದ ನೌಕಾನೆಲೆಗೆ, ಗಂಡನ ಕ್ವಾರ್ಟರ್ಸಿಗೆ ಹೊರಟವರು. ಗಂಡನಿಗೆ ಜಲಾಂತರ್ಗಾಮಿಯಲ್ಲಿ ಕೆಲಸ. ಮಡಿಲಲ್ಲಿ ಆತನಿಗೆಂದು ಒಂದು ಸ್ಟೀಲ್ ಡಬ್ಬಿ ತುಂಬ ಕಾಯಿಹೋಳಿಗೆ.

ನನಗೆ ಸುಮ್ಮನಿರಲಾಗಲಿಲ್ಲ. "ಸಮುದ್ರಕ್ಕೆ ಹೋಗೋ ಮುಂಚೆ ಯಜಮಾನ್ರು ನಿಮಗೆ ಹೇಳ್ತಾರಾ?"

"ಹೇಳೋ ಹಂಗಿಲ್ಲ ಸಾರ್. ಫೋನಲ್ಲಂತೂ ಆ ಮಾತೇ ಎತ್ತಬಾರದು. ನಾವು ಹಗ್ಗ ನೋಡಿ ತಿಳ್ಕೋತೀವಿ."

ಜಲಾಂತರ್ಗಾಮಿಯೊಳಗೆ ತೊಟ್ಟ ಬಟ್ಟೆಗೆ ಹಿಡಿದ ಡೀಸೆಲ್ ವಾಸನೆ ಎಷ್ಟು ಒಗೆದರೂ ಹೋಗುವುದಿಲ್ಲವಂತೆ. ಹಾಗಾಗಿ ಕ್ವಾರ್ಟರ್ಸಿನ ಮಹಡಿಯ ಮೇಲೆ ಆ ಬಟ್ಟೆಗಳಿಗೇ ಬೇರೆ ಹಗ್ಗ ಕಟ್ಟಿದ್ದಾರೆ. ಗಂಡಸರು ಹೊರಟಾಗ ಬಟ್ಟೆಗಳೂ ಅವರ ಜೊತೆ ಹೋಗುತ್ತವೆ, ಹಗ್ಗ ಖಾಲಿಯಾಗುತ್ತದೆ. ಅಷ್ಟೊಂದು ಕಾವಲಿರುವ ಗುಟ್ಟು ಒಂದು ನೈಲಾನ್ ಹಗ್ಗದ ಮೇಲೆ ನೇತಾಡುತ್ತಿರುತ್ತದೆಂದು ನಾನು ಎಣಿಸಿರಲಿಲ್ಲ.

ಬೆಳಗಿನಿಂದ ಗಂಡನ ಫೋನು ಸ್ವಿಚ್ ಆಫ್ ಬರುತ್ತಿತ್ತು. ಆಕೆ ಕ್ವಾರ್ಟರ್ಸಿನ ಎದುರು ಮನೆಯವರಿಗೆ ಫೋನ್ ಮಾಡಿದರು.

"ಅಕ್ಕ, ನಾಳೆ ಬಂದ ತಕ್ಷಣ ಬೆಡ್‌ಶೀಟ್ ಒಗೀಬೇಕು ಕಣಕ್ಕ. ಡೀಸೆಲ್ ಹಗ್ಗದಲ್ಲಿ ಜಾಗ ಐತಾ?"

ಆ ಕಡೆಯ ದನಿ ನನಗೂ ಕೇಳಿಸಿತು. "ಬೇಕಾದಷ್ಟು ಐತೆ ಬಾ. ಹಗ್ಗ ಪೂರ್ತಿ ಖಾಲಿ."

ಆಕೆ ಫೋನನ್ನು ಬ್ಯಾಗಿಗೆ ಹಾಕಿಕೊಂಡರು. ಆಮೇಲೆ ಡಬ್ಬಿಯ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದರು.

"ತಗೊಳಿ ಸಾರ್. ಕಾಯಿಹೋಳಿಗೆ, ಮೂರು ದಿನಕ್ಕಿಂತ ಹೆಚ್ಚಿಗೆ ಇರಲ್ಲ."